ಇಮೇಲ್‌ನ ಬಣ್ಣ, ಬೋಲ್ಡ್, ಫಾಂಟ್‌ಗಳ ಹಿಂದಿರುವ ಕೋಡ್ ನೋಡುವುದು ಹೇಗೆ? ಸಮಗ್ರ ಮಾರ್ಗದರ್ಶಿ

ನೀವು ಬರೆದ ಮೇಲ್ ನಿಮ್ಮ ಪರದೆಯಲ್ಲಿ ಅಚ್ಚುಕಟ್ಟಾಗಿರುತ್ತದೆ. ಅದೇ ಮೇಲ್ ಇನ್ನೊಬ್ಬರು ತೆರೆದಾಗ ಫಾಂಟ್ ಬೇರೆ, ಸಾಲುಗಳ ನಡುವೆ ಜಾಸ್ತಿ ಜಾಗ, ಟೇಬಲ್ ಚೆಲ್ಲಾಪಿಲ್ಲಿ. ಕೆಲವರಿಗೆ ಬಣ್ಣವೆಲ್ಲ ಹೋಗಿ ಬರೀ ಅಕ್ಷರ ಕಾಣುತ್ತದೆ. ಇನ್ನು ಕೆಲವರಿಗೆ ‘ವಿನ್‌ಮೇಲ್.ಡ್ಯಾಟ್’ ಎಂಬ, ಮಾಮೂಲಿ ಪ್ರೋಗ್ರಾಮ್‌ಗಳಲ್ಲಿ ತೆರೆಯದ ಫೈಲ್ ಬರುತ್ತದೆ. ಸುಮ್ನೆ ಊಹೆ ಮಾಡುತ್ತಾ ಹತ್ತಾರು ಟೆಸ್ಟ್ ಮೇಲ್ ಕಳಿಸಬೇಕಾಗಿಲ್ಲ. ಇದಕ್ಕೆಲ್ಲ ಕಾರಣ ಆ ಮೇಲ್‌ನ ಒಳಗೇ ಬರೆದಿರುತ್ತದೆ. ಅದನ್ನು ತೆರೆದು ಓದಲು ಪ್ರೋಗ್ರಾಮರ್ ಆಗಿರಬೇಕಿಲ್ಲ.

ಕೋಡ್ ಓದುವಾಗ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಇದು ಯಾವ ಬಗೆಯ ಮೇಲ್? ನಾನು ನೋಡುತ್ತಿರುವುದು ಅದರ ಯಾವ ಭಾಗ? ಆ ಭಾಗವನ್ನು ಯಾವ ಎನ್‌ಕೋಡಿಂಗ್‌ನಲ್ಲಿ, ಅಂದರೆ ಸಾಗಿಸಲು ಬಳಸುವ ಯಾವ ಸಂಕೇತರೂಪದಲ್ಲಿ, ಸುತ್ತಿಟ್ಟಿದ್ದಾರೆ? ಈ ಮೂರು ಗೊತ್ತಾದರೆ ಉಳಿದದ್ದು ಸಲೀಸು. ನೇರವಾಗಿ ಟ್ಯಾಗ್ (ಬೋಲ್ಡ್, ಪ್ಯಾರಾ ಮುಂತಾದವನ್ನು ಸೂಚಿಸುವ ಗುರುತು) ಓದಲು ಹೊರಟವರು ಅರ್ಧ ದಾರಿಯಲ್ಲೇ ಕಂಗಾಲಾಗಿ ಕಿಟಕಿ ಮುಚ್ಚಿಬಿಡುತ್ತಾರೆ.

ಒಂದು ವಿಷಯ ಗಮನದಲ್ಲಿರಲಿ: ಮೆನು, ಟ್ಯಾಗ್, ಹೆಡರ್‌ಗಳು ಪರದೆಯ ಮೇಲೆ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತವೆ. ಇಲ್ಲಿ ಅವನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ.

ಮೊದಲು ಬಗೆ ಗುರುತಿಸಿ

ಮೇಲ್‌ನಲ್ಲಿ ಮೂರು ಬಗೆ. ಪ್ಲೇನ್ ಟೆಕ್ಸ್ಟ್‌ನಲ್ಲಿ ಬರೀ ಅಕ್ಷರ, ಯಾವ ಅಲಂಕಾರವೂ ಇಲ್ಲ. ಎಚ್‌ಟಿಎಂಎಲ್ ಮೇಲ್ ಅಂದರೆ ವೆಬ್ ಪುಟ ಬರೆಯುವ ಭಾಷೆಯಲ್ಲೇ ಬರೆದದ್ದು. ಇವತ್ತು ಬಣ್ಣ, ಬೋಲ್ಡ್ ಇರುವ ಹೆಚ್ಚಿನ ಮೇಲ್‌ಗಳು ಈ ಬಗೆಯವೇ. ಮೂರನೆಯದು ರಿಚ್ ಟೆಕ್ಸ್ಟ್, ಅಂದರೆ ಆರ್‌ಟಿಎಫ್. ಇದು ಮೈಕ್ರೋಸಾಫ್ಟ್ 1987ರಲ್ಲಿ ಹೊರತಂದ ಫಾರ್ಮ್ಯಾಟ್. ಮೇಲ್ ಲೋಕದಲ್ಲಿ ಇದನ್ನು ಮೈಕ್ರೋಸಾಫ್ಟ್‌ನದೇ ಆದ ಔಟ್‌ಲುಕ್ ಪ್ರೋಗ್ರಾಮ್ ಮತ್ತು ಎಕ್ಸ್‌ಚೇಂಜ್ ಮೇಲ್ ಸರ್ವರ್ ಮಾತ್ರ ಸರಿಯಾಗಿ ಬಳಸುತ್ತವೆ.

ಗೊಂದಲ ಶುರುವಾಗುವುದು ‘ರಿಚ್ ಟೆಕ್ಸ್ಟ್’ ಎಂಬ ಹೆಸರನ್ನು ಎಲ್ಲರೂ ಬಳಸುವುದರಿಂದ. ಆ್ಯಪಲ್ ಮೇಲ್‌ನ ‘ಫಾರ್ಮ್ಯಾಟ್’ ಮೆನುವಿನಲ್ಲಿ ‘ಮೇಕ್ ರಿಚ್ ಟೆಕ್ಸ್ಟ್’ ಅಂತ ಇದೆ. ಅದನ್ನು ಒತ್ತಿ ಕಳಿಸಿದರೆ ಹೋಗುವುದು ಆರ್‌ಟಿಎಫ್ ಅಲ್ಲ, ಎಚ್‌ಟಿಎಂಎಲ್. ವಿಂಡೋಸ್‌ನ ಹಳೆಯ ಔಟ್‌ಲುಕ್‌ನಲ್ಲಿ ‘ಫಾರ್ಮ್ಯಾಟ್ ಟೆಕ್ಸ್ಟ್’ ಟ್ಯಾಬ್‌ನ ‘ರಿಚ್ ಟೆಕ್ಸ್ಟ್’ ಆರಿಸಿದರೆ ಮಾತ್ರ ನಿಜವಾದ ಆರ್‌ಟಿಎಫ್. ಹೊಸ ಔಟ್‌ಲುಕ್‌ನಲ್ಲೂ ವೆಬ್ ಔಟ್‌ಲುಕ್‌ನಲ್ಲೂ ಬರೆಯಲು ಎಚ್‌ಟಿಎಂಎಲ್ ಮತ್ತು ಪ್ಲೇನ್ ಟೆಕ್ಸ್ಟ್ ಎರಡೇ ಆಯ್ಕೆ.

ಹಳೆಯ ಔಟ್‌ಲುಕ್‌ನಲ್ಲಿ ಬಗೆ ತಿಳಿಯುವುದು ತೀರಾ ಸುಲಭ. ಮೇಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಬೇರೆ ಕಿಟಕಿಯಲ್ಲಿ ತೆರೆಯಿರಿ. ಮೇಲಿನ ಪಟ್ಟಿಯಲ್ಲಿ ವಿಷಯದ ಪಕ್ಕದಲ್ಲೇ ಎಚ್‌ಟಿಎಂಎಲ್, ರಿಚ್ ಟೆಕ್ಸ್ಟ್ ಅಥವಾ ಪ್ಲೇನ್ ಟೆಕ್ಸ್ಟ್ ಅಂತ ಬರೆದಿರುತ್ತದೆ.

ಮೂಲ ಕೋಡ್ ತೆರೆಯುವ ದಾರಿಗಳು

ಜಿಮೇಲ್: ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಮೇಲ್ ತೆರೆಯಿರಿ. ಬಲಗಡೆ ರಿಪ್ಲೈ ಬಾಣದ ಪಕ್ಕದ ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ಆರಿಸಿ. ಹೊಸ ಟ್ಯಾಬ್ ತೆರೆಯುತ್ತದೆ. ಮೇಲ್ಗಡೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಫಲಿತಾಂಶ ಇರುತ್ತದೆ. ಅದು ಮೇಲ್ ನಕಲಿಯೋ ಅಸಲಿಯೋ ಎಂಬ ಪರೀಕ್ಷೆಗೆ ಸೇರಿದ್ದು, ಫಾರ್ಮ್ಯಾಟಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ. ಅದರ ಕೆಳಗೆ ಪೂರ್ತಿ ಮೂಲ ಕೋಡ್. ‘ಡೌನ್‌ಲೋಡ್ ಒರಿಜಿನಲ್’ ಒತ್ತಿದರೆ ಪೂರ್ತಿ ಮೇಲ್ ಇರುವ ‘.ಇಎಂಎಲ್’ ಫೈಲ್ ಸಿಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಈ ಸೌಲಭ್ಯ ಇಲ್ಲ.

ಥಂಡರ್‌ಬರ್ಡ್: ಮೇಲ್ ಆರಿಸಿ ಕಂಟ್ರೋಲ್ ಮತ್ತು ಯು ಒತ್ತಿದರೆ ಸಾಕು. ಮ್ಯಾಕ್‌ನಲ್ಲಾದರೆ ಕಮಾಂಡ್ ಮತ್ತು ಯು. ಫಾರ್ಮ್ಯಾಟಿಂಗ್ ಕಲಿಯುವವರಿಗೆ ನಾನು ಮೊದಲು ಹೇಳುವುದೇ ಈ ಪ್ರೋಗ್ರಾಮ್. ಇದು ಬಂದ ಮೇಲ್ ಅನ್ನು ಬಂದ ಹಾಗೇ ಇಟ್ಟುಕೊಳ್ಳುತ್ತದೆ. ‘ವ್ಯೂ’ ಮೆನುವಿನ ‘ಮೆಸೇಜ್ ಬಾಡಿ ಆ್ಯಸ್’ ಅಡಿಯಲ್ಲಿ ಒರಿಜಿನಲ್ ಎಚ್‌ಟಿಎಂಎಲ್, ಸಿಂಪಲ್ ಎಚ್‌ಟಿಎಂಎಲ್, ಪ್ಲೇನ್ ಟೆಕ್ಸ್ಟ್ ಎಂಬ ಮೂರು ನೋಟಗಳಿವೆ. ಒಂದೇ ಮೇಲ್ ಮೂರು ರೀತಿ ಹೇಗೆ ಕಾಣುತ್ತದೆ ಅಂತ ಅಲ್ಲೇ ಬದಲಾಯಿಸಿ ನೋಡಬಹುದು.

ಆ್ಯಪಲ್ ಮೇಲ್: ‘ವ್ಯೂ’, ‘ಮೆಸೇಜ್’, ‘ರಾ ಸೋರ್ಸ್’. ಶಾರ್ಟ್‌ಕಟ್ ಆಪ್ಶನ್, ಕಮಾಂಡ್, ಯು.

ವೆಬ್ ಔಟ್‌ಲುಕ್ ಮತ್ತು ಹೊಸ ಔಟ್‌ಲುಕ್: ಮೇಲ್‌ನ ಮೂರು ಚುಕ್ಕಿ, ‘ವ್ಯೂ’, ನಂತರ ‘ವ್ಯೂ ಮೆಸೇಜ್ ಸೋರ್ಸ್’.

ಯಾಹೂ ಮೇಲ್: ಮೂರು ಚುಕ್ಕಿ, ‘ವ್ಯೂ ರಾ ಮೆಸೇಜ್’.

ವಿಂಡೋಸ್‌ನ ಹಳೆಯ ಔಟ್‌ಲುಕ್: ಮೇಲ್ ಅನ್ನು ಬೇರೆ ಕಿಟಕಿಯಲ್ಲಿ ತೆರೆಯಿರಿ. ‘ಮೆಸೇಜ್’ ಟ್ಯಾಬ್‌ನ ‘ಆ್ಯಕ್ಷನ್ಸ್’ ಒತ್ತಿ, ‘ಅದರ್ ಆ್ಯಕ್ಷನ್ಸ್’ ಒಳಗೆ ‘ವ್ಯೂ ಸೋರ್ಸ್’ ಆರಿಸಿ. ಹೆಡರ್ ಬೇಕಾದರೆ ‘ಫೈಲ್’, ‘ಪ್ರಾಪರ್ಟೀಸ್’ ಅಂತ ಹೋಗಿ ‘ಇಂಟರ್ನೆಟ್ ಹೆಡರ್ಸ್’ ಪೆಟ್ಟಿಗೆ ನೋಡಿ. ಇಲ್ಲಿ ಒಂದು ಎಚ್ಚರಿಕೆ. ಈ ‘ವ್ಯೂ ಸೋರ್ಸ್’ ತೋರಿಸುವುದು ಎಚ್‌ಟಿಎಂಎಲ್ ಭಾಗ ಮಾತ್ರ, ಅದೂ ಔಟ್‌ಲುಕ್ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡ ರೂಪದಲ್ಲಿ. ದಾರಿಯಲ್ಲಿ ಬಂದ ಪೂರ್ತಿ ಮೂಲ ಬೇಕಾದರೆ ಅದೇ ಖಾತೆಯನ್ನು ವೆಬ್‌ನಲ್ಲಿ ಅಥವಾ ಥಂಡರ್‌ಬರ್ಡ್‌ನಲ್ಲಿ ತೆರೆದು ನೋಡುವುದು ಒಳ್ಳೆಯದು.

ಮೂಲ ಕೋಡ್ ಓದುವುದು

ತೆರೆದ ಕೂಡಲೇ ಕಾಣುವ ಉದ್ದದ ಪಟ್ಟಿ ಹೆಡರ್. ಯಾರಿಂದ, ಯಾರಿಗೆ, ಯಾವ ಸರ್ವರ್ ಮೂಲಕ ಎಂಬ ವಿವರ. ಹೆಡರ್ ಮುಗಿದ ಮೇಲೆ ಒಂದು ಖಾಲಿ ಸಾಲು ಬರುತ್ತದೆ. ಅದರ ಕೆಳಗಿರುವುದೆಲ್ಲ ಮೇಲ್‌ನ ಒಡಲು. ಹೆಡರ್‌ನಲ್ಲಿ ನಮಗೆ ಮುಖ್ಯವಾದದ್ದು ‘ಕಂಟೆಂಟ್-ಟೈಪ್’ ಎಂಬ ಒಂದೇ ಸಾಲು. ಕಂಟ್ರೋಲ್ ಮತ್ತು ಎಫ್ ಒತ್ತಿ ಅದನ್ನು ಹುಡುಕಿ.

ಈ ಸಾಲು ಬಂದಿದ್ದು ಮೈಮ್ ಎಂಬ ನಿಯಮಾವಳಿಯಿಂದ. ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಬರೆದ ಇದರ ಮೊದಲ ಆವೃತ್ತಿ 1992ರಲ್ಲಿ ಆರ್‌ಎಫ್‌ಸಿ 1341 (ಇಂಟರ್ನೆಟ್ ನಿಯಮಗಳ ಸಂಖ್ಯೆ ಹಾಕಿದ ದಾಖಲೆ) ಆಗಿ ಹೊರಬಂತು. ಈಗ ಚಾಲ್ತಿಯಲ್ಲಿರುವುದು 1996ರ ಆರ್‌ಎಫ್‌ಸಿ 2045, 2046, 2047 ಮತ್ತು 2049. ಅದಕ್ಕೂ ಮುಂಚೆ ಇಮೇಲ್ ಅಂದರೆ ಬರೀ ಇಂಗ್ಲಿಷ್ ಅಕ್ಷರಗಳ ಪಠ್ಯವಷ್ಟೇ. ನಾವಿಂದು ಕನ್ನಡದಲ್ಲಿ ಮೇಲ್ ಬರೆಯುವುದೂ ಮೈಮ್‌ನಿಂದಲೇ ಸಾಧ್ಯವಾಯಿತು.

ಆ ಸಾಲಿನಲ್ಲಿ ಹೆಚ್ಚಾಗಿ ಕಾಣುವುದು ಇವು:

‘ಟೆಕ್ಸ್ಟ್/ಪ್ಲೇನ್’ ಒಂದೇ ಇದ್ದರೆ ಫಾರ್ಮ್ಯಾಟಿಂಗ್ ಇಲ್ಲವೇ ಇಲ್ಲ. ಹುಡುಕಾಟ ಅಲ್ಲಿಗೆ ಮುಗಿಯಿತು.

‘ಟೆಕ್ಸ್ಟ್/ಎಚ್‌ಟಿಎಂಎಲ್’ ಇದ್ದರೆ ಒಡಲೆಲ್ಲ ಎಚ್‌ಟಿಎಂಎಲ್.

‘ಮಲ್ಟಿಪಾರ್ಟ್/ಆಲ್ಟರ್ನೇಟಿವ್’ ಇದ್ದರೆ ಒಂದೇ ಲಕೋಟೆಯಲ್ಲಿ ಒಂದೇ ಪತ್ರದ ಎರಡು ಪ್ರತಿ ಇಟ್ಟ ಹಾಗೆ. ಮೊದಲು ಪ್ಲೇನ್ ಪ್ರತಿ, ಆಮೇಲೆ ಎಚ್‌ಟಿಎಂಎಲ್ ಪ್ರತಿ. ಓದುವವರ ಮೇಲ್ ಪ್ರೋಗ್ರಾಮ್ ತನಗೆ ಅರ್ಥವಾಗುವ ಕೊನೆಯ ಪ್ರತಿಯನ್ನು ತೋರಿಸಬೇಕು ಎಂಬುದು ನಿಯಮ. ಹಾಗಾಗಿ ಅಲಂಕಾರದ ಪ್ರತಿ ಯಾವಾಗಲೂ ಕೆಳಗಿರುತ್ತದೆ. ಬಣ್ಣವೆಲ್ಲ ಹೋಗಿದೆ ಅನ್ನುವವರು ಬಹಳ ಸಲ ನೋಡುತ್ತಿರುವುದು ಮೇಲಿನ ಪ್ಲೇನ್ ಪ್ರತಿಯನ್ನು. ಅವರ ಮೇಲ್ ಪ್ರೋಗ್ರಾಮ್‌ನಲ್ಲಿ ‘ಪ್ಲೇನ್ ಟೆಕ್ಸ್ಟ್ ಮಾತ್ರ ತೋರಿಸು’ ಅಂತ ಸೆಟ್ಟಿಂಗ್ ಇದ್ದರೆ ನೀವು ಎಷ್ಟು ಸಲ ಮೇಲ್ ತಿದ್ದಿ ಕಳಿಸಿದರೂ ಫಲವಿಲ್ಲ.

‘ಮಲ್ಟಿಪಾರ್ಟ್/ರಿಲೇಟೆಡ್’ ಅಂದರೆ ಪಠ್ಯದ ನಡುವೆ ಕೂರಿಸಿದ ಚಿತ್ರಗಳಿವೆ. ‘ಮಲ್ಟಿಪಾರ್ಟ್/ಮಿಕ್ಸ್ಡ್’ ಅಂದರೆ ಅಟ್ಯಾಚ್‌ಮೆಂಟ್ ಇದೆ. ಇವು ಒಂದರೊಳಗೊಂದು ಕೂತಿರುತ್ತವೆ. ಗಾಬರಿ ಬೇಡ. ಪಕ್ಕದಲ್ಲಿ ‘ಬೌಂಡರಿ’ ಅಂತ ಒಂದು ಉದ್ದದ ಅಕ್ಷರಸರ ಇರುತ್ತದೆ. ಅದೇ ಸರ, ಮುಂದೆ ಎರಡು ಅಡ್ಡಗೆರೆ ಹಚ್ಚಿಕೊಂಡು, ಪ್ರತಿ ಭಾಗದ ಆರಂಭದಲ್ಲಿ ಬರುತ್ತದೆ. ಆ ಸರವನ್ನು ಕಾಪಿ ಮಾಡಿ ಹುಡುಕಿದರೆ ಒಂದು ಭಾಗದಿಂದ ಇನ್ನೊಂದಕ್ಕೆ ನೇರವಾಗಿ ಜಿಗಿಯಬಹುದು. ಸರದ ಕೊನೆಯಲ್ಲೂ ಎರಡು ಅಡ್ಡಗೆರೆ ಇದ್ದರೆ ಅಲ್ಲಿಗೆ ಭಾಗಗಳೆಲ್ಲ ಮುಗಿದವು ಅಂತ.

ಎನ್‌ಕೋಡಿಂಗ್: ಹೆಚ್ಚಿನವರು ಸೋಲುವುದು ಇಲ್ಲೇ

ಎಚ್‌ಟಿಎಂಎಲ್ ಭಾಗಕ್ಕೆ ಬಂದಿರಿ. ಆದರೆ ಓದಲು ಹೋದರೆ ಎಲ್ಲೆಲ್ಲೂ ಸಮ ಚಿಹ್ನೆ, ಅಥವಾ ಅರ್ಥವೇ ಇಲ್ಲದ ಅಕ್ಷರಗಳ ಗೋಡೆ. ಫೈಲ್ ಕೆಟ್ಟಿಲ್ಲ. ಆ ಭಾಗದ ಆರಂಭದಲ್ಲಿ ‘ಕಂಟೆಂಟ್-ಟ್ರಾನ್ಸ್‌ಫರ್-ಎನ್‌ಕೋಡಿಂಗ್’ ಎಂಬ ಸಾಲು ನೋಡಿ. ಅದರಲ್ಲಿ ‘ಕೋಟೆಡ್-ಪ್ರಿಂಟಬಲ್’ ಅಥವಾ ‘ಬೇಸ್64’ ಅಂತ ಇರುತ್ತದೆ.

‘ಕ’ ಎಂಬ ಒಂದೇ ಅಕ್ಷರವನ್ನು ಹತ್ತಿರದಿಂದ ನೋಡೋಣ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 3221. ಆ ಸಂಖ್ಯೆಯನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಅದು ಮೂರು ಬೈಟ್: ಇ0, ಬಿ2, 95. ಕೋಟೆಡ್-ಪ್ರಿಂಟಬಲ್‌ನಲ್ಲಿ ಪ್ರತಿ ಬೈಟ್‌ನ ಮುಂದೆ ಸಮ ಚಿಹ್ನೆ ಬಂದು ‘=ಇ0=ಬಿ2=95’ ಆಗುತ್ತದೆ. ಅಂದರೆ ಒಂದು ಅಕ್ಷರಕ್ಕೆ ಒಂಬತ್ತು ಚಿಹ್ನೆ. ಬೇಸ್64ರಲ್ಲಿ ಅದೇ ‘ಕ’ ನಾಲ್ಕೇ ಚಿಹ್ನೆ: 4, ದೊಡ್ಡ ಎಲ್, ದೊಡ್ಡ ಕೆ, ದೊಡ್ಡ ವಿ. ಕನ್ನಡ ಅಕ್ಷರದಿಂದಲೇ ಶುರುವಾಗುವ ಪಠ್ಯ ಬೇಸ್64ರಲ್ಲಿದ್ದರೆ ಅದರ ಮೊದಲ ಎರಡು ಚಿಹ್ನೆ ಯಾವಾಗಲೂ 4 ಮತ್ತು ದೊಡ್ಡ ಎಲ್, ಮೂರನೆಯದು ದೊಡ್ಡ ಕೆ ಅಥವಾ ದೊಡ್ಡ ಓ. ಇದನ್ನು ನೆನಪಿಟ್ಟುಕೊಂಡರೆ ಡಿಕೋಡ್ ಮಾಡುವ ಮೊದಲೇ ‘ಓ, ಇದು ಕನ್ನಡ’ ಅಂತ ಗುರುತು ಹಿಡಿಯಬಹುದು. ಹೆಡರ್‌ನಲ್ಲಿ ಕನ್ನಡ ವಿಷಯದ ಸಾಲೂ ಹೀಗೇ ಸುತ್ತಿಕೊಂಡಿರುತ್ತದೆ.

ಇನ್ನೊಂದು ಗುರುತು. ಪರದೆಯಲ್ಲಿ ‘ಕ’ ಬದಲು ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷ್‌ನ ಸಣ್ಣ ಎ, ಪುಟ್ಟ 2, ಒಂದು ದಪ್ಪ ಚುಕ್ಕಿ ಕಂಡರೆ, ಆ ಮೂರೂ ಬೈಟ್‌ಗಳನ್ನು ಯಾರೋ ವಿಂಡೋಸ್-1252 ಎಂಬ ಹಳೆಯ ಅಕ್ಷರಪಟ್ಟಿಯಲ್ಲಿ ಓದಿದ್ದಾರೆ ಅಂತ ಅರ್ಥ. ‘ಕಂಟೆಂಟ್-ಟೈಪ್’ ಸಾಲಿನಲ್ಲಿ ‘ಚಾರ್‌ಸೆಟ್’ (ಅಕ್ಷರಪಟ್ಟಿಯ ಹೆಸರು) ಏನಿದೆ ನೋಡಿ. ಅಲ್ಲಿ ‘ಯುಟಿಎಫ್-8’ ಇಲ್ಲದಿದ್ದರೆ ತಪ್ಪು ಸಿಕ್ಕಿತು. ಇದು ಫಾಂಟ್ ತೊಂದರೆ ಅಂತ ಬೇರೆ ಬೇರೆ ಫಾಂಟ್ ಹಾಕಿ ನೋಡುವವರು ಬಹಳ ಜನ. ಫಾಂಟ್‌ಗೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಕೋಟೆಡ್-ಪ್ರಿಂಟಬಲ್‌ನಲ್ಲಿ ಇನ್ನೆರಡು ವಿಚಾರ. ಒಂದು ಸಾಲು 76 ಚಿಹ್ನೆ ಮೀರುವಂತಿಲ್ಲ. ಮೀರಿದರೆ ಸಾಲಿನ ಕೊನೆಗೆ ಒಂದು ಸಮ ಚಿಹ್ನೆ ಹಾಕಿ ಮುರಿಯುತ್ತಾರೆ. ಇನ್ನು ನಿಜವಾದ ಸಮ ಚಿಹ್ನೆಯೇ ಬಂದರೆ ಅದನ್ನು ‘=3ಡಿ’ ಅಂತ ಬರೆಯುತ್ತಾರೆ. ಹಾಗಾಗಿ ಮೂಲ ಕೋಡ್‌ನಲ್ಲಿ ‘ಸ್ಟೈಲ್=3ಡಿ’ ಅಂತ ಕಾಣುವುದು ಅಸಲಿಗೆ ‘ಸ್ಟೈಲ್=’ ಅಷ್ಟೇ. ಇದನ್ನು ಹಾಗೇ ಕಾಪಿ ಮಾಡಿ ಎಚ್‌ಟಿಎಂಎಲ್ ಫೈಲ್‌ಗೆ ಹಾಕಿದರೆ ಬಣ್ಣವೂ ಬರುವುದಿಲ್ಲ, ಲಿಂಕೂ ಕೆಲಸ ಮಾಡುವುದಿಲ್ಲ. ಮೊದಲು ಡಿಕೋಡ್ ಆಗಲೇಬೇಕು.

ಡಿಕೋಡ್ ಮಾಡುವ ಹಂತಗಳು:

1. ಬೇಕಾದ ಭಾಗದ ಪಠ್ಯವನ್ನು ಮಾತ್ರ ಕಾಪಿ ಮಾಡಿ. ಭಾಗದ ಹೆಡರ್ ಸಾಲುಗಳೂ ಬೌಂಡರಿ ಸಾಲೂ ಜೊತೆಗೆ ಬರಬಾರದು.
2. ವಿಂಡೋಸ್‌ನಲ್ಲಾದರೆ ನೋಟ್‌ಪ್ಯಾಡ್++ ತೆರೆದು ಅಂಟಿಸಿ. ‘ಎನ್‌ಕೋಡಿಂಗ್’ ಮೆನುವಿನಲ್ಲಿ ಯುಟಿಎಫ್-8 ಇರಲಿ.
3. ಪಠ್ಯವನ್ನು ಪೂರ್ತಿ ಆರಿಸಿ, ‘ಪ್ಲಗಿನ್ಸ್’ ಮೆನುವಿನ ‘ಮೈಮ್ ಟೂಲ್ಸ್’ ಒಳಗಿನ ಡಿಕೋಡ್ ಆಯ್ಕೆ ಒತ್ತಿ. ಎರಡೂ ಎನ್‌ಕೋಡಿಂಗ್‌ಗೆ ಅಲ್ಲಿ ಬೇರೆ ಬೇರೆ ಆಯ್ಕೆ ಇದೆ.

ಬೇರೆ ಕಂಪ್ಯೂಟರ್‌ನವರಿಗೆ ಸೈಬರ್‌ಶೆಫ್ ಇದೆ. ಬ್ರಿಟನ್ನಿನ ಜಿಸಿಎಚ್‌ಕ್ಯು ಗುಪ್ತಚರ ಸಂಸ್ಥೆ ಮುಕ್ತವಾಗಿ ಕೊಟ್ಟ ಸಾಧನ. ಬ್ರೌಸರ್‌ನೊಳಗೇ ಕೆಲಸ ಮಾಡುತ್ತದೆ, ನೀವು ಹಾಕಿದ ಪಠ್ಯ ಯಾವ ಸರ್ವರ್‌ಗೂ ಹೋಗುವುದಿಲ್ಲ. ಹುಡುಕಿದಾಗ ಸಿಗುವ ಯಾವುದೋ ಡಿಕೋಡರ್ ಸೈಟಿಗೆ ಮಾತ್ರ ಖಾಸಗಿ ಮೇಲ್ ಅಂಟಿಸಬೇಡಿ.

ಎಚ್‌ಟಿಎಂಎಲ್‌ನಲ್ಲಿ ಏನು ಹುಡುಕಬೇಕು?

ಎಲ್ಲ ಟ್ಯಾಗ್ ಕಲಿಯಬೇಕಿಲ್ಲ. ಕೆಟ್ಟು ಕಾಣುತ್ತಿರುವ ವಾಕ್ಯದ ಎರಡು ಪದ ಹುಡುಕಿ, ಅದರ ಸುತ್ತ ಏನಿದೆ ಅಂತ ನೋಡಿ. ‘ಬಿ’ ಅಥವಾ ‘ಸ್ಟ್ರಾಂಗ್’ ಇದ್ದರೆ ಬೋಲ್ಡ್. ‘ಸ್ಟೈಲ್’ ಅಂತ ಇದ್ದರೆ ಅದರ ಮುಂದಿನ ಉದ್ಧರಣ ಚಿಹ್ನೆಯೊಳಗೆ ಬಣ್ಣ, ಅಳತೆ, ಫಾಂಟ್ ಹೆಸರು ಇರುತ್ತವೆ. ‘ಸಿಐಡಿ:’ ಅಂತ ಶುರುವಾಗುವ ಚಿತ್ರದ ವಿಳಾಸ ಕಂಡರೆ ಆ ಚಿತ್ರ ಮೇಲ್‌ನೊಳಗೇ ಇದೆ ಅಂತ. ವೆಬ್ ವಿಳಾಸ ಇದ್ದರೆ ಹೊರಗಿನ ಸರ್ವರ್‌ನಿಂದ ಬರಬೇಕು, ಹಾಗಾಗಿ ಕೆಲವರಿಗೆ ಖಾಲಿ ಚೌಕ ಕಾಣುತ್ತದೆ.

ಸಾಲುಗಳ ನಡುವೆ ಜಾಸ್ತಿ ಜಾಗ ಬೀಳುವ ಕಾಯಿಲೆಗೆ ಕಾರಣ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ದಿನಾ ಕಾಣುವಂಥದ್ದು. 2007ರ ಆವೃತ್ತಿಯಿಂದ ವಿಂಡೋಸ್‌ನ ಹಳೆಯ ಔಟ್‌ಲುಕ್ ಎಚ್‌ಟಿಎಂಎಲ್ ತೋರಿಸಲು ವರ್ಡ್‌ನ ಎಂಜಿನ್ ಬಳಸುತ್ತಿದೆ. ಅದರಲ್ಲಿ ಬರೆದ ಪ್ರತಿ ಸಾಲೂ ‘ಎಂಎಸ್‌ಒನಾರ್ಮಲ್’ ಎಂಬ ಕ್ಲಾಸ್ (ಅಲಂಕಾರದ ನಿಯಮ ತಗುಲಿಸುವ ಹೆಸರು) ಹೊತ್ತ ಒಂದು ‘ಪಿ’ ಟ್ಯಾಗ್ ಆಗುತ್ತದೆ. ಆ ಕ್ಲಾಸ್‌ಗೆ ಮಾರ್ಜಿನ್ ಸೊನ್ನೆ ಅಂತ ಹೇಳುವ ನಿಯಮ ಎಲ್ಲೋ ಮೇಲೆ ‘ಸ್ಟೈಲ್’ ಬ್ಲಾಕ್‌ನಲ್ಲಿ ಕೂತಿರುತ್ತದೆ. ಓದುವವರ ಪ್ರೋಗ್ರಾಮ್ ಆ ಬ್ಲಾಕ್ ಅನ್ನು ಕಿತ್ತುಹಾಕಿದರೆ ನಿಯಮ ಹೋಯಿತು, ‘ಪಿ’ ಟ್ಯಾಗ್ ಉಳಿಯಿತು. ‘ಪಿ’ಗೆ ಮೇಲೆ ಕೆಳಗೆ ಜಾಗ ಬಿಡುವುದು ಬ್ರೌಸರ್‌ನ ಸಹಜ ಗುಣ. ಹಾಗಾಗಿ ಸಾಲುಗಳು ದೂರ ದೂರ. ಮೂಲ ಕೋಡ್‌ನಲ್ಲಿ ‘ಎಂಎಸ್‌ಒ’ ಅಂತ ಹುಡುಕಿ. ಸಾಲು ಸಾಲಾಗಿ ಸಿಕ್ಕರೆ, ಪಠ್ಯ ವರ್ಡ್ ಅಥವಾ ಔಟ್‌ಲುಕ್‌ನಿಂದ ಬಂದಿದೆ ಅಂತ ಖಾತ್ರಿ. ವರ್ಡ್‌ನಿಂದ ಕಾಪಿ ಮಾಡಿ ಬೇರೆ ಕಡೆ ಅಂಟಿಸುವಾಗ ಫಾರ್ಮ್ಯಾಟಿಂಗ್ ಇಲ್ಲದೆ ಅಂಟಿಸಿದರೆ ಈ ಕಸ ಬರುವುದಿಲ್ಲ. ಜಿಮೇಲ್‌ನಲ್ಲಿ ಅದಕ್ಕೆ ಕಂಟ್ರೋಲ್, ಶಿಫ್ಟ್, ವಿ.

ಈ ಕಸ ಮೇಲ್‌ನ ತೂಕವನ್ನೂ ಹೆಚ್ಚಿಸುತ್ತದೆ. ಎಚ್‌ಟಿಎಂಎಲ್ ಸುಮಾರು 102 ಕಿಲೋಬೈಟ್ ದಾಟಿದರೆ ಜಿಮೇಲ್ ಮೇಲ್ ಅನ್ನು ಮಧ್ಯದಲ್ಲೇ ಕತ್ತರಿಸಿ ‘ಪೂರ್ತಿ ನೋಡಿ’ ಎಂಬ ಲಿಂಕ್ ಕೊಡುತ್ತದೆ.

ನಿಜವಾದ ಆರ್‌ಟಿಎಫ್ ನೋಡುವುದು

ಹಳೆಯ ಔಟ್‌ಲುಕ್‌ನಲ್ಲಿ ಮೇಲ್ ರಿಚ್ ಟೆಕ್ಸ್ಟ್ ಬಗೆಯದಾದರೆ ‘ವ್ಯೂ ಸೋರ್ಸ್’ ನೆರವಿಗೆ ಬರುವುದಿಲ್ಲ. ಬದಲಿಗೆ ಹೀಗೆ ಮಾಡಿ. ಮೇಲ್ ತೆರೆದು ‘ಫೈಲ್’, ‘ಸೇವ್ ಆ್ಯಸ್’ ಒತ್ತಿ. ಬಗೆಯ ಪಟ್ಟಿಯಲ್ಲಿ ‘ರಿಚ್ ಟೆಕ್ಸ್ಟ್ ಫಾರ್ಮ್ಯಾಟ್’ ಆರಿಸಿ ಉಳಿಸಿ. ಆ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ, ಅದು ವರ್ಡ್‌ನಲ್ಲಿ ತೆರೆದು ಮತ್ತೆ ಅಲಂಕಾರವನ್ನೇ ತೋರಿಸುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ.

ಮೊದಲೇ ಒಂದು ಹೂವಿನ ಬ್ರಾಕೆಟ್, ಬ್ಯಾಕ್‌ಸ್ಲಾಶ್, ‘ಆರ್‌ಟಿಎಫ್1’ ಕಾಣುತ್ತದೆ. ಪ್ರತಿ ಸೂಚನೆಯೂ ಬ್ಯಾಕ್‌ಸ್ಲಾಶ್‌ನಿಂದ ಶುರು. ‘\ಬಿ’ ಬಂದರೆ ಬೋಲ್ಡ್ ಶುರು, ‘\ಬಿ0’ ಬಂದರೆ ಮುಗಿಯಿತು. ‘\ಪಾರ್’ ಅಂದರೆ ಪ್ಯಾರಾ ಮುಗಿಯಿತು. ‘\ಎಫ್‌ಎಸ್24’ ಅಂದರೆ 12 ಪಾಯಿಂಟ್ ಅಕ್ಷರ, ಏಕೆಂದರೆ ಇಲ್ಲಿ ಅಳತೆ ಅರ್ಧ ಪಾಯಿಂಟ್‌ನಲ್ಲಿ. ಫಾಂಟ್‌ಗಳು ಮೇಲಿನ ‘\ಫಾಂಟ್‌ಟಿಬಿಎಲ್’ ಪಟ್ಟಿಯಲ್ಲಿ, ಬಣ್ಣಗಳು ‘\ಕಲರ್‌ಟಿಬಿಎಲ್’ ಪಟ್ಟಿಯಲ್ಲಿ. ನಮ್ಮ ‘ಕ’ ಇಲ್ಲಿ ‘\ಯು3221’ ಆಗಿರುತ್ತದೆ, ಅದರ ನಂತರ ಒಂದು ಪ್ರಶ್ನಾರ್ಥಕ ಚಿಹ್ನೆ. ಯೂನಿಕೋಡ್ ಗೊತ್ತಿಲ್ಲದ ಹಳೆಯ ಪ್ರೋಗ್ರಾಮ್‌ಗಳು ಆ ಪ್ರಶ್ನೆ ಚಿಹ್ನೆಯನ್ನು ತೋರಿಸಲಿ ಎಂಬ ಏರ್ಪಾಡು ಅದು. ಕನ್ನಡ ಮೇಲ್ ಬರೀ ಪ್ರಶ್ನೆ ಚಿಹ್ನೆಗಳಾಗಿ ಬರುವುದಕ್ಕೆ ಇದೂ ಒಂದು ದಾರಿ.

ಇನ್ನೂ ಆಳಕ್ಕೆ ಇಳಿಯಬೇಕಾದವರಿಗೆ ಎಂಎಫ್‌ಸಿಮ್ಯಾಪಿ ಎಂಬ ಉಚಿತ, ಮುಕ್ತ ತಂತ್ರಾಂಶ ಇದೆ. ಔಟ್‌ಲುಕ್ ಸಂಗ್ರಹದೊಳಗಿನ ಪ್ರತಿ ಗುಣವನ್ನೂ ಅದು ತೋರಿಸುತ್ತದೆ. ಸಂಕುಚಿಸಿದ ಆರ್‌ಟಿಎಫ್‌ನ ಗುಣಸಂಖ್ಯೆ 1009, ಎಚ್‌ಟಿಎಂಎಲ್‌ನದು 1013. ಆರ್‌ಟಿಎಫ್ ಒಳಗೆ ‘ಫ್ರಮ್‌ಎಚ್‌ಟಿಎಂಎಲ್1’ ಎಂಬ ಸೂಚನೆ ಕಂಡರೆ ಆ ಮೇಲ್ ಮೂಲತಃ ಎಚ್‌ಟಿಎಂಎಲ್, ಆಮೇಲೆ ಆರ್‌ಟಿಎಫ್ ಹೊದಿಕೆ ಹಾಕಿದ್ದಾರೆ ಅಂತ. ಈ ಸಾಧನ ಗುಣಗಳನ್ನು ಅಳಿಸಲೂ ಬಲ್ಲದು. ನೋಡಿ, ಆದರೆ ಏನನ್ನೂ ಬದಲಿಸಬೇಡಿ.

ಇನ್ನು ವಿನ್‌ಮೇಲ್.ಡ್ಯಾಟ್. ಆರ್‌ಟಿಎಫ್ ಮೇಲ್ ಹೊರಗಿನವರಿಗೆ ಹಾಗೇ ಹೋದಾಗ ಔಟ್‌ಲುಕ್ ಅಲಂಕಾರವನ್ನೂ ಅಟ್ಯಾಚ್‌ಮೆಂಟ್‌ಗಳನ್ನೂ ಟಿಎನ್‌ಇಎಫ್ ಎಂಬ ಕಟ್ಟಿನಲ್ಲಿ ಸುತ್ತುತ್ತದೆ. ಮೂಲ ಕೋಡ್‌ನಲ್ಲಿ ‘ಅಪ್ಲಿಕೇಶನ್/ಎಂಎಸ್-ಟಿಎನ್‌ಇಎಫ್’ ಅಂತ ಹುಡುಕಿ. ಅದರ ಬೇಸ್64 ಪಠ್ಯ ಯಾವಾಗಲೂ ಸಣ್ಣ ಇ, ದೊಡ್ಡ ಜೆ, 8, ಪ್ಲಸ್ ಎಂಬ ನಾಲ್ಕು ಚಿಹ್ನೆಯಿಂದ ಶುರುವಾಗುತ್ತದೆ. ಮ್ಯಾಕ್‌ನಲ್ಲಿ ಟಿಎನ್‌ಇಎಫ್ಸ್ ಇನಫ್, ಲಿನಕ್ಸ್‌ನಲ್ಲಿ ಟಿಎನ್‌ಇಎಫ್ ಎಂಬ ಕಮಾಂಡ್ ಈ ಕಟ್ಟು ಬಿಚ್ಚುತ್ತವೆ. ಆದರೆ ಸರಿಪಡಿಸಬೇಕಾದದ್ದು ಕಳಿಸುವವರ ಕಡೆ: ‘ಫೈಲ್’, ‘ಆಪ್ಶನ್ಸ್’, ‘ಮೇಲ್’ ತೆರೆದು ಕೆಳಗಿನ ‘ಮೆಸೇಜ್ ಫಾರ್ಮ್ಯಾಟ್’ ಭಾಗದಲ್ಲಿ, ಇಂಟರ್ನೆಟ್ ವಿಳಾಸಗಳಿಗೆ ರಿಚ್ ಟೆಕ್ಸ್ಟ್ ಕಳಿಸುವಾಗ ಎಚ್‌ಟಿಎಂಎಲ್‌ಗೆ ಬದಲಿಸು ಎಂಬ ಆಯ್ಕೆ ಇಡಬೇಕು. ಆದರೂ ನಿಲ್ಲದಿದ್ದರೆ ಎಕ್ಸ್‌ಚೇಂಜ್ ಸರ್ವರ್ ನೋಡಿಕೊಳ್ಳುವವರನ್ನು ಕೇಳಿ, ಅಲ್ಲೂ ಇದಕ್ಕೊಂದು ಸೆಟ್ಟಿಂಗ್ ಇದೆ.

ದಾರಿ ತಪ್ಪಿಸುವ ಎರಡು ಅಭ್ಯಾಸಗಳು

ಬ್ರೌಸರ್‌ನಲ್ಲಿ ಮೇಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತುವುದು ಮೊದಲನೆಯದು. ಅಲ್ಲಿ ಕಾಣುವುದು ಮೇಲ್‌ನ ಕೋಡ್ ಅಲ್ಲ, ವೆಬ್‌ಮೇಲ್ ಅದನ್ನು ಶುಚಿ ಮಾಡಿ ತೋರಿಸಿದ ರೂಪ. ಜಿಮೇಲ್ ಕ್ಲಾಸ್ ಹೆಸರುಗಳನ್ನು ಬದಲಿಸುತ್ತದೆ, ಚಿತ್ರಗಳನ್ನು ತನ್ನದೇ ಪ್ರಾಕ್ಸಿ (ನಡುವಿನ ಸರ್ವರ್) ಮೂಲಕ ತರುತ್ತದೆ. ಶುಚಿ ಮಾಡಿದಾಗ ಏನು ಹೋಯಿತು ಅಂತ ಹೋಲಿಸಲು ಇನ್‌ಸ್ಪೆಕ್ಟ್ ಒಳ್ಳೆಯದು. ಮೂಲಕ್ಕೆ ಬದಲಿ ಅಲ್ಲ.

ಎರಡನೆಯದು, ‘ನನಗೆ ಸರಿಯಾಗಿ ಕಾಣುತ್ತಿಲ್ಲ, ನೋಡಿ’ ಅಂತ ಮೇಲ್ ಅನ್ನು ಫಾರ್ವರ್ಡ್ ಮಾಡುವುದು. ಫಾರ್ವರ್ಡ್ ಒತ್ತಿದ ಕ್ಷಣವೇ ಆ ಪ್ರೋಗ್ರಾಮ್ ಕೋಡ್ ಅನ್ನು ಹೊಸದಾಗಿ ಬರೆಯುತ್ತದೆ. ಪರೀಕ್ಷಿಸಬೇಕಾದ ಸಾಕ್ಷ್ಯವೇ ಅಳಿಸಿಹೋಯಿತು, ಅಲ್ವಾ? ಅದರ ಬದಲು ‘.ಇಎಂಎಲ್’ ಫೈಲ್ ಇಳಿಸಿಕೊಂಡು ಅಟ್ಯಾಚ್‌ಮೆಂಟ್ ಆಗಿ ಕಳಿಸಲು ಹೇಳಿ. ಜಿಮೇಲ್, ಥಂಡರ್‌ಬರ್ಡ್, ಔಟ್‌ಲುಕ್ ಎಲ್ಲದರಲ್ಲೂ ‘ಅಟ್ಯಾಚ್‌ಮೆಂಟ್ ಆಗಿ ಫಾರ್ವರ್ಡ್’ ಎಂಬ ಆಯ್ಕೆಯೂ ಇದೆ. ನಿಮ್ಮ ‘ಸೆಂಟ್’ ಫೋಲ್ಡರ್‌ನ ಪ್ರತಿಯನ್ನೂ ಪೂರ್ತಿ ನಂಬಬೇಡಿ. ದಾರಿಯಲ್ಲಿ ಸರ್ವರ್ ರೂಪ ಬದಲಿಸಿರಬಹುದು. ತಲುಪಿದ ಪ್ರತಿಯೇ ಸಾಕ್ಷಿ.

ನೋಡುವಾಗ, ತೋರಿಸುವಾಗ ಎಚ್ಚರ

ಮೂಲ ಕೋಡ್ ಅನ್ನು ಪಠ್ಯವಾಗಿ ಓದುವುದರಿಂದ ಅಪಾಯವಿಲ್ಲ. ಅಲ್ಲಿ ಏನೂ ಓಡುವುದಿಲ್ಲ, ಚಿತ್ರವೂ ಲೋಡ್ ಆಗುವುದಿಲ್ಲ. ಅನುಮಾನದ ಮೇಲ್‌ನಲ್ಲಿ ಲಿಂಕ್‌ನ ಮೇಲ್ಮಾತು ಒಂದು, ಒಳಗಿನ ‘ಎಚ್‌ರೆಫ್’ ವಿಳಾಸ ಇನ್ನೊಂದು ಇರುವುದನ್ನು ಹೀಗೇ ಹಿಡಿಯಬಹುದು. ಆದರೆ ಡಿಕೋಡ್ ಮಾಡಿದ ಎಚ್‌ಟಿಎಂಎಲ್ ಅನ್ನು ಬ್ರೌಸರ್‌ನಲ್ಲಿ ತೆರೆದರೆ ಹೊರಗಿನ ಚಿತ್ರಗಳೆಲ್ಲ ಲೋಡ್ ಆಗುತ್ತವೆ. ಅದರಲ್ಲಿ ಒಂದೇ ಪಿಕ್ಸೆಲ್ ಅಗಲ, ಒಂದೇ ಪಿಕ್ಸೆಲ್ ಎತ್ತರದ ಚಿತ್ರ ಇದ್ದರೆ ನೀವು ಮೇಲ್ ತೆರೆದಿರಿ ಅಂತ ಕಳಿಸಿದವರಿಗೆ ಗೊತ್ತಾಗುತ್ತದೆ. ತೆರೆಯಲೇಬೇಕಾದರೆ ಇಂಟರ್ನೆಟ್ ಆಫ್ ಮಾಡಿ ತೆರೆಯಿರಿ.

ಯಾರಿಂದಲಾದರೂ ಸಹಾಯ ಕೇಳಲು ಕೋಡ್ ಹಂಚಿಕೊಳ್ಳುವಾಗ ಹೆಡರ್ ಬೇಕಾಗಿಲ್ಲ. ‘ಕಂಟೆಂಟ್’ ಅಂತ ಶುರುವಾಗುವ ಸಾಲುಗಳನ್ನು ಮಾತ್ರ ಉಳಿಸಿ. ವಿಳಾಸಗಳು, ಐಪಿ ಸಂಖ್ಯೆಗಳು, ಲಿಂಕ್‌ಗಳ ಕೊನೆಯ ಉದ್ದದ ಅಕ್ಷರಸರಗಳನ್ನು ಅಳಿಸಿ. ಅನ್‌ಸಬ್‌ಸ್ಕ್ರೈಬ್ ಮತ್ತು ಪಾಸ್‌ವರ್ಡ್ ಬದಲಿಸುವ ಲಿಂಕ್‌ಗಳಲ್ಲಿ ಆ ಸರವೇ ನಿಮ್ಮ ಗುರುತು. ಬೇಸ್64 ಭಾಗ ಇದ್ದರೆ ಅದನ್ನು ಡಿಕೋಡ್ ಮಾಡಿ, ಒಳಗೆ ಏನಿದೆ ಅಂತ ಓದಿದ ಮೇಲೆಯೇ ಕಳಿಸಿ.